ಗಬ್ಬರ್ ಗದ್ದರಿಸಿದ ಬಂಡೆಗಳ ನಡುವೆ

ಬೆಂಗಳೂರಿನಿಂದ ಮೈಸೂರಿನತ್ತ ಹಳೆಯ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ಸಾಗಿದರೆ ರಾಮನಗರ. ಬಿಡದಿ ದಾಟುತ್ತಿದ್ದಂತೆ ಹೊಲ, ತೆಂಗಿನ ತೋಟಗಳ ಹಿಂದಿನಿಂದ ಬೋಳು ಬಂಡೆಗಳು ಒಂದೊಂದಾಗಿ ತಲೆಯೆತ್ತುತ್ತವೆ. ಅರ್ಕಾವತಿ ನದಿಯ ದಡದ ಈ ಪಟ್ಟಣ ರೇಷ್ಮೆಗೂಡಿನ ಮಾರುಕಟ್ಟೆಗೆ ನಾಡಿನಲ್ಲೆಲ್ಲ ಹೆಸರುವಾಸಿ. ಆದರೆ ದೂರದ ಊರುಗಳಿಂದ ಬರುವ ಪ್ರವಾಸಿಗರು ಮೊದಲು ವಿಚಾರಿಸುವುದು ರೇಷ್ಮೆಯನ್ನಲ್ಲ, ಗಬ್ಬರ್ ಸಿಂಗನ ಅಡಗುತಾಣವನ್ನು!

ಈ ಬೆಟ್ಟಗಳಲ್ಲಿ ಗಬ್ಬರ್ ಎಂಬ ಡಕಾಯಿತ ಎಂದೂ ಬದುಕಿರಲಿಲ್ಲ. ಆ ಹೆಸರಿನ ನಿಜವಾದ ದರೋಡೆಕೋರನೊಬ್ಬ 1950ರ ದಶಕದಲ್ಲಿ, ಇಲ್ಲಿಂದ ಸಾವಿರ ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿರುವ ಚಂಬಲ್ ಕಣಿವೆಯಲ್ಲಿ ಹಾವಳಿ ಎಬ್ಬಿಸಿದ್ದ. ಇಲ್ಲಿಗೆ ಬಂದವರು ಅಮ್ಜದ್ ಖಾನ್ ಎಂಬ ನಟ. ಹಿಂದಿಯ 'ಶೋಲೆ' ಚಿತ್ರದ ಚಿತ್ರೀಕರಣ ಇಲ್ಲಿ 1973ರಲ್ಲಿ ಆರಂಭವಾಯಿತು. 1975ರ ಆಗಸ್ಟ್ 15ರಂದು ಚಿತ್ರ ತೆರೆಕಂಡಿತು. ಅಂದಿನಿಂದ ಬಂಡೆಗಳಿಗೆ ಗಬ್ಬರನ ಹೆಸರು ಅಂಟಿತು. ನಟನ ಹೆಸರು ಹಿಂದೆ ಸರಿಯಿತು.

ಬಂಡೆಯ ವಯಸ್ಸು

ನಟನ ವಿಷಯಕ್ಕೆ ಮುನ್ನ ರಂಗಸ್ಥಳವನ್ನು ನೋಡಬೇಕು. ಬ್ರಿಟಿಷರ ಕಾಲದಲ್ಲಿ ರಾಮನಗರದ ಹೆಸರು ಕ್ಲೋಸ್‌ಪೇಟೆ. ಮೈಸೂರು ಆಸ್ಥಾನದಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ನೆನಪಿಗೆ ಇಟ್ಟ ಹೆಸರದು. ಊರು ಆ ಹೆಸರನ್ನು ಕೈಬಿಟ್ಟರೂ ಭೂವಿಜ್ಞಾನ ಬಿಡಲಿಲ್ಲ. ಇಲ್ಲಿನ ಶಿಲೆಯನ್ನು ಪ್ರಪಂಚದ ಭೂವಿಜ್ಞಾನಿಗಳೆಲ್ಲ ಇಂದಿಗೂ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದೇ ಕರೆಯುತ್ತಾರೆ. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಚಾಚಿರುವ ಈ ಶಿಲಾಪಟ್ಟಿಯ ವಯಸ್ಸು ಹತ್ತಿರ ಹತ್ತಿರ 250 ಕೋಟಿ ವರ್ಷ.

ನೆಲದಾಳದಲ್ಲಿ ಕರಗಿದ ಶಿಲಾರಸ ನಿಧಾನವಾಗಿ ತಣಿದು ಈ ಕಲ್ಲಾಯಿತು. ನಿಧಾನವಾಗಿ ತಣಿದುದರಿಂದಲೇ ಅದರ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದಪ್ಪ. ನಸುಗೆಂಪು ಬಣ್ಣಕ್ಕೆ ಫೆಲ್ಡ್‌ಸ್ಪಾರ್ ಖನಿಜ ಕಾರಣ. ಮೇಲಿನ ಪದರಗಳು ಕೋಟ್ಯಂತರ ವರ್ಷ ಸವೆದ ಮೇಲೆ ಒಳಗಿನ ಕಲ್ಲು ಹೊರಬಿತ್ತು. ಮೇಲಿನ ಭಾರ ಇಳಿದಂತೆ ಅದು ಬಿರುಕುಬಿಟ್ಟು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಕಳಚತೊಡಗಿತು. ಬಿರುಕಿಗಿಳಿದ ನೀರು ಮೂಲೆಗಳನ್ನು ಬೇಗ ಸವೆಸುವುದರಿಂದ ಚೌಕ ಬಂಡೆಗಳು ಕ್ರಮೇಣ ಗುಂಡಾದವು. ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಗುಂಡುಗಳಿಗೆ ರಾಕ್ಷಸರ ಕೈವಾಡವೇನೂ ಬೇಕಿಲ್ಲ. ನೀರು, ಬಿಸಿಲು ಮತ್ತು ಕಾಲ ಸಾಕು.

ಅದುವರೆಗಿನ ಡಕಾಯಿತರ ಚಿತ್ರಗಳಿಗೆ ಉತ್ತರ ಭಾರತದ ಮಣ್ಣಿನ ಕೊರಕಲುಗಳೇ ಹಿನ್ನೆಲೆಯಾಗಿದ್ದವು. ನಿರ್ದೇಶಕ ರಮೇಶ್ ಸಿಪ್ಪಿ ಬೇರೆ ನೋಟ ಬಯಸಿದರು. ಜಾಗ ಹುಡುಕಿದವರು ಕಲಾ ನಿರ್ದೇಶಕ ರಾಮ್ ಯೆಡೇಕರ್. ರಾಮದೇವರ ಬೆಟ್ಟದ ಬುಡದಲ್ಲಿ 'ರಾಮಗಢ' ಎಂಬ ಇಡೀ ಹಳ್ಳಿಯೇ ಎದ್ದುನಿಂತಿತು. ಸಾಮಾನು ಸಾಗಿಸಲು ಹೆದ್ದಾರಿಯಿಂದ ರಸ್ತೆ ಮಾಡಿಕೊಂಡರು. ಊರಿನ ಒಂದು ಭಾಗವನ್ನು ಜನ ಕೆಲಕಾಲ 'ಸಿಪ್ಪಿನಗರ'ವೆಂದೇ ಕರೆದರು. ಛಾಯಾಗ್ರಾಹಕ ದ್ವಾರಕಾ ದಿವೇಚಾ ಬೆಳಕಿಗಾಗಿ, ಮೋಡಕ್ಕಾಗಿ ಕಾದು ಕುಳಿತರು. ಠಾಕೂರನ ಕುಟುಂಬದ ಹತ್ಯೆಯ ದೃಶ್ಯಕ್ಕೇ ಮೂರು ವಾರಕ್ಕೂ ಹೆಚ್ಚು ಸಮಯ ಹಿಡಿಯಿತು. ತೆರೆಯ ಮೇಲೆ ಅದು ಕೆಲವೇ ನಿಮಿಷಗಳ ದೃಶ್ಯ.

ಪುಸ್ತಕ ಓದಿ ಬಂದ ಡಕಾಯಿತ

ಗಬ್ಬರನ ಪಾತ್ರ ಮೊದಲು ಹೋದದ್ದು ಡ್ಯಾನಿ ಡೆಂಜೋಂಗ್ಪಾ ಅವರ ಬಳಿಗೆ. ಅವರು 'ಧರ್ಮಾತ್ಮ' ಚಿತ್ರಕ್ಕಾಗಿ ಅಫ್ಘಾನಿಸ್ತಾನಕ್ಕೆ ಹೋಗಬೇಕಾಗಿತ್ತು. ಆಗ ಲೇಖಕ ಸಲೀಂ ಖಾನ್ ಅವರಿಗೆ ರಂಗಭೂಮಿಯ ನಟ ಅಮ್ಜದ್ ನೆನಪಾದರು. 1940ರ ನವೆಂಬರ್ 12ರಂದು ಹುಟ್ಟಿದ ಅಮ್ಜದ್, ಹೆಸರಾಂತ ನಟ ಜಯಂತ್ ಅವರ ಮಗ. ಹುಡುಗನಾಗಿದ್ದಾಗಲೇ ಕ್ಯಾಮೆರಾದ ಎದುರು ನಿಂತಿದ್ದರು, ಕೆ. ಆಸಿಫ್ ಅವರಿಗೆ ಸಹಾಯಕರಾಗಿ ದುಡಿದಿದ್ದರು. ಆದರೂ ಚಿತ್ರ ನೋಡುವ ಸಾಮಾನ್ಯ ಜನರಿಗೆ ಅವರ ಪರಿಚಯವಿರಲಿಲ್ಲ. ಧರ್ಮೇಂದ್ರ, ಸಂಜೀವ್ ಕುಮಾರ್, ಅಮಿತಾಭ್ ಬಚ್ಚನ್ ಇರುವ ಚಿತ್ರದಲ್ಲಿ ಅವರೆಲ್ಲರನ್ನೂ ನಡುಗಿಸಬೇಕಾದ ಪಾತ್ರ ಒಬ್ಬ ಹೊಸಬನ ಪಾಲಿಗೆ ಬಂತು.

ಆ ಹೊಸಬ ಮಾಡಿದ ಮೊದಲ ಕೆಲಸವೆಂದರೆ ಪುಸ್ತಕ ಹಿಡಿದು ಕೂತದ್ದು. ನಟಿ ಜಯಾ ಭಾದುರಿಯವರ ತಂದೆ, ಪತ್ರಕರ್ತ ತರುಣ್ ಕುಮಾರ್ ಭಾದುರಿಯವರು ಚಂಬಲ್ ಡಕಾಯಿತರ ಬಗ್ಗೆ ಬರೆದಿದ್ದ 'ಅಭಿಶಪ್ತ ಚಂಬಲ್' ಕೃತಿಯನ್ನು ಓದಿ, ಆ ಜನರ ರೀತಿನೀತಿಗಳನ್ನು ತಿಳಿದುಕೊಂಡರು. ಚಿಕ್ಕಂದಿನಲ್ಲಿ ಕಂಡಿದ್ದ ಅಗಸನೊಬ್ಬ ಹೆಂಡತಿಯೊಡನೆ ಮಾತಾಡುತ್ತಿದ್ದ ರಾಗವನ್ನು ನೆನಪಿನಿಂದ ತೆಗೆದು ತಮ್ಮ ಮಾತಿಗೆ ಹಚ್ಚಿಕೊಂಡರು. ಹಳೆಯ ಚಿತ್ರಗಳ ಡಕಾಯಿತ ಧೋತ್ರ, ಮುಂಡಾಸು, ಹಣೆಯ ತಿಲಕದೊಂದಿಗೆ ಬರುತ್ತಿದ್ದ. ಗಬ್ಬರನಿಗೆ ಮುಂಬಯಿಯ ಚೋರ್ ಬಜಾರಿನಿಂದ ತಂದ ಸೈನಿಕರ ಉಡುಪು, ಹೆಗಲಿಗೆ ಗುಂಡಿನ ಪಟ್ಟಿ, ಅಂಗೈಯಲ್ಲಿ ತಿಕ್ಕಿದ ತಂಬಾಕು.

ಇಷ್ಟಾದರೂ ಆರಂಭ ಸಲೀಸಾಗಿರಲಿಲ್ಲ. ರಾಮನಗರದ ಬಂಡೆಗಳ ಮೇಲೆ ಮೊದಲ ದೃಶ್ಯಕ್ಕೆ ನಿಂತಾಗ ಅಮ್ಜದ್ ಕೈಕಾಲು ತಡಬಡಿಸಿದವು. ಸುಮಾರು 40 ಬಾರಿ ತೆಗೆದರೂ ಸರಿಬರಲಿಲ್ಲವೆಂದು ಚಿತ್ರದ ಇತಿಹಾಸ ಬರೆದವರು ದಾಖಲಿಸಿದ್ದಾರೆ. ಈತನಿಂದ ಆಗದು ಎಂಬ ಪಿಸುಮಾತು ಹಬ್ಬಿತು. ದನಿಗೆ ತೂಕ ಸಾಲದು, ಬೇರೆಯವರಿಂದ ಮಾತು ಹೇಳಿಸೋಣ ಎಂಬ ಸಲಹೆಯೂ ಬಂತು. ರಮೇಶ್ ಸಿಪ್ಪಿ ಒಪ್ಪಲಿಲ್ಲ. ಅವರು ನಟನನ್ನೂ ಬದಲಿಸಲಿಲ್ಲ, ದನಿಯನ್ನೂ ಬದಲಿಸಲಿಲ್ಲ. ಪರೀಕ್ಷೆಯಲ್ಲಿ ಒಮ್ಮೆ ಹಿಂದೆಬಿದ್ದ ಮಕ್ಕಳನ್ನು ಅಳೆಯುವ ತಂದೆತಾಯಿಯರು ಗಮನಿಸಬೇಕಾದ ಸಂಗತಿಯಿದು. ಆ ದಿನವೇ ತೀರ್ಪು ಕೊಟ್ಟಿದ್ದರೆ ಭಾರತೀಯ ಚಿತ್ರರಂಗ ತನ್ನ ಅತಿ ಪ್ರಸಿದ್ಧ ಖಳನನ್ನು ಕಳೆದುಕೊಳ್ಳುತ್ತಿತ್ತು.

ಭಯ ಹುಟ್ಟುವುದು ಹೇಗೆ?

'ಶೋಲೆ'ಯಲ್ಲಿ ಗಬ್ಬರ್ ಪ್ರತ್ಯಕ್ಷನಾಗುವುದು ಕಥೆ ಸಾಕಷ್ಟು ಮುಂದುವರಿದ ಮೇಲೆ. ಅಷ್ಟರಲ್ಲಿ ಅವನ ಹೆಸರೇ ಊರನ್ನು ಹೆದರಿಸಿರುತ್ತದೆ. ಬಂದಾಗಲೂ ಮೊದಲು ಕಾಣುವುದು ಮುಖವಲ್ಲ. ಬಂಡೆಯ ಮೇಲೆ ಅತ್ತಿತ್ತ ನಡೆಯುವ ಬೂಟುಗಾಲು, ಕಲ್ಲಿಗೆ ಉಜ್ಜುತ್ತ ಸಾಗುವ ಬೆಲ್ಟು. ಲೋಹ ಕಲ್ಲಿಗೆ ತಾಗುವ ಆ ಸದ್ದೇ ಅವನ ಪೀಠಿಕೆ.

ಆಮೇಲೆ ಎದುರಾಳಿಗಳು ಎಷ್ಟು ಮಂದಿ ಇದ್ದರೆಂಬ ಪ್ರಶ್ನೆ. ಸೋತು ಬಂದ ತನ್ನವರನ್ನು ಅವನು ಕೇಳುವುದು ಬಲು ಮೆತ್ತಗೆ. ದನಿ ಏರುತ್ತದೆ, ಥಟ್ಟನೆ ಇಳಿಯುತ್ತದೆ, ನಗುವಿಗೆ ತಿರುಗುತ್ತದೆ. ಎಲ್ಲರೂ ಜೊತೆಗೂಡಿ ನಕ್ಕು ಹಗುರಾದ ಗಳಿಗೆಯಲ್ಲೇ ಗುಂಡು ಹಾರುತ್ತದೆ. ಮುಂದೇನಾಗುವುದೋ ತಿಳಿಯದ ಸ್ಥಿತಿಯಲ್ಲಿ ಭಯ ಹುಟ್ಟುತ್ತದೆ. ಬರೀ ಅಬ್ಬರಿಸುವವನ ಮುಂದಿನ ಹೆಜ್ಜೆಯನ್ನು ಯಾರಾದರೂ ಊಹಿಸಬಲ್ಲರು. ತೂಕ ಸಾಲದೆಂದು ದೂರಿದ್ದ ಅದೇ ದನಿ ಈ ಏರಿಳಿತಕ್ಕೆ ಹೇಳಿ ಮಾಡಿಸಿದಂತಿತ್ತು.

ಬಂಡೆಗಳ ಪಾಲೂ ಇದರಲ್ಲಿದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಮೂಲ ಶಬ್ದಕ್ಕೂ ಮರಳಿದ ಶಬ್ದಕ್ಕೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ ಅಂತರವಿದ್ದರೆ ಕಿವಿ ಅವನ್ನು ಬೇರೆಯಾಗಿ ಗುರುತಿಸುತ್ತದೆ. ಹೋಗಿ ಬರುವ ದೂರ 34 ಮೀಟರ್. ಎಂದರೆ ಬಂಡೆ ಕನಿಷ್ಠ 17 ಮೀಟರ್ ದೂರದಲ್ಲಿದ್ದರೆ ಪ್ರತಿಧ್ವನಿ ಕೇಳುತ್ತದೆ. ಶಾಲೆಯ ಪುಸ್ತಕದ ಈ ಲೆಕ್ಕಕ್ಕೆ ರಾಮನಗರದ ಬಂಡೆಗೋಡೆಗಳು ಒಳ್ಳೆಯ ಉದಾಹರಣೆ. ಆ ಕಾಲದ ಹಿಂದಿ ಚಿತ್ರಗಳಲ್ಲಿ ಮಾತನ್ನು ಸಾಮಾನ್ಯವಾಗಿ ಸ್ಟುಡಿಯೋದಲ್ಲಿ ಮತ್ತೆ ದಾಖಲಿಸುತ್ತಿದ್ದರು. ಆದರೂ ಪ್ರೇಕ್ಷಕ ಆ ದನಿಯನ್ನೂ ಈ ಕಲ್ಲನ್ನೂ ಒಂದಾಗಿಯೇ ನೆನಪಿಟ್ಟುಕೊಂಡ.

ಪಾತ್ರ ನುಂಗಿದ ಮನುಷ್ಯ

ಚಿತ್ರ ಬಿಡುಗಡೆಯಾಗುವ ಎರಡೂವರೆ ತಿಂಗಳ ಮುನ್ನ, 1975ರ ಜೂನ್ 2ರಂದು, ಜಯಂತ್ ತೀರಿಕೊಂಡರು. ಮಗನ ಗೆಲುವನ್ನು ಕಾಣುವ ಭಾಗ್ಯ ಆ ತಂದೆಗೆ ಇರಲಿಲ್ಲ. ಆ ವರ್ಷದ ಫಿಲಂಫೇರ್ ಪೋಷಕ ನಟ ಪ್ರಶಸ್ತಿಯೂ ಅಮ್ಜದ್‌ಗೆ ಬರಲಿಲ್ಲ. 'ದೀವಾರ್' ಚಿತ್ರದ ಶಶಿ ಕಪೂರ್ ಪಾಲಾಯಿತು. ಜನರ ತೀರ್ಪು ಮಾತ್ರ ಬೇರೆಯಾಗಿತ್ತು. 'ಶೋಲೆ'ಯ ಹಾಡುಗಳಂತೆಯೇ ಸಂಭಾಷಣೆಯ ಧ್ವನಿಮುದ್ರಿಕೆಯೂ ಬಂತು. ಜಾತ್ರೆ, ಉತ್ಸವಗಳ ಧ್ವನಿವರ್ಧಕಗಳಲ್ಲಿ ಗಬ್ಬರ್ ಗುಡುಗಿದ. ಮಕ್ಕಳನ್ನು ಹೆದರಿಸಿ ಮಲಗಿಸಲು ತನ್ನ ಹೆಸರೇ ಸಾಕೆಂದು ಚಿತ್ರದಲ್ಲಿ ಜಂಬ ಕೊಚ್ಚುವ ಈ ಡಕಾಯಿತ, ಬ್ರಿಟಾನಿಯಾ ಗ್ಲೂಕೋಸ್ ಬಿಸ್ಕತ್ತಿನ ಜಾಹೀರಾತಿನಲ್ಲಿ ಅದೇ ಮಕ್ಕಳ ನೆಚ್ಚಿನವನಾದ! ಖಳನೊಬ್ಬನ ಕೈಯಿಂದ ತಿಂಡಿ ಮಾರಿಸುವ ಯೋಚನೆ ಅಂದಿಗೆ ಹೊಸದು.

1977ರಲ್ಲಿ ಸತ್ಯಜಿತ್ ರಾಯ್ ತಮ್ಮ 'ಶತರಂಜ್ ಕೆ ಖಿಲಾಡಿ'ಯಲ್ಲಿ ಇದೇ ಅಮ್ಜದ್‌ಗೆ ಅವಧದ ನವಾಬ ವಾಜಿದ್ ಅಲಿ ಷಾನ ಪಾತ್ರ ಕೊಟ್ಟರು. ಕಾವ್ಯ, ಸಂಗೀತಗಳಲ್ಲಿ ಮುಳುಗಿ ರಾಜ್ಯ ಕಳೆದುಕೊಳ್ಳುವ ಮೃದು ಮನಸ್ಸಿನ ದೊರೆ ಅವನು. ಗಬ್ಬರನನ್ನು ಕಂಡವರು ಇವನನ್ನೂ ನೋಡಿದರೆ, ಕ್ರೌರ್ಯ ಎಷ್ಟರಮಟ್ಟಿಗೆ ನಟನೆಯಾಗಿತ್ತೆಂಬುದು ತಿಳಿಯುತ್ತದೆ. ಕನ್ನಡದ ಗಿರೀಶ ಕಾರ್ನಾಡರು 'ಮೃಚ್ಛಕಟಿಕ' ನಾಟಕವನ್ನು ಆಧರಿಸಿ 1984ರಲ್ಲಿ ತೆಗೆದ 'ಉತ್ಸವ್' ಚಿತ್ರದಲ್ಲಿ ಅಮ್ಜದ್ ವಾತ್ಸ್ಯಾಯನರಾದರು. 'ದಾದಾ' ಮತ್ತು 'ಯಾರಾನಾ' ಚಿತ್ರಗಳ ಪೋಷಕ ಪಾತ್ರಗಳಿಗೆ ಅವರಿಗೆ ಫಿಲಂಫೇರ್ ಪ್ರಶಸ್ತಿ ದೊರೆಯಿತು. 'ಯಾರಾನಾ'ದಲ್ಲಿ ಅವರದು ಪ್ರಾಣಸ್ನೇಹಿತನ ಪಾತ್ರ. ಎರಡು ಚಿತ್ರಗಳನ್ನು ನಿರ್ದೇಶಿಸಿದರು. ಚಿತ್ರ ಕಲಾವಿದರ ಸಂಘದ ಅಧ್ಯಕ್ಷರೂ ಆಗಿದ್ದರು.

1976ರಲ್ಲಿ ಗೋವಾದ ಹಾದಿಯಲ್ಲಿ ನಡೆದ ಕಾರು ಅಪಘಾತ ಅವರ ಬದುಕಿನ ದಿಕ್ಕನ್ನೇ ತಿರುಗಿಸಿತು. ಪಕ್ಕೆಲುಬು ಮುರಿದು, ಶ್ವಾಸಕೋಶಕ್ಕೂ ಪೆಟ್ಟಾಯಿತು. ಚೇತರಿಸಿಕೊಂಡರೂ ಔಷಧಗಳ ಪರಿಣಾಮವಾಗಿ ಮೈತೂಕ ಏರುತ್ತ ಹೋಯಿತು. 1992ರ ಜುಲೈ 27ರಂದು ಹೃದಯಾಘಾತದಿಂದ ನಿಧನರಾದಾಗ ಅಮ್ಜದ್‌ಗೆ 51 ವರ್ಷ. ಪತ್ರಿಕೆಗಳ ತಲೆಬರಹಗಳಲ್ಲಿಯೂ ಜನರ ಬಾಯಲ್ಲಿಯೂ ಅಂದು ಅಗಲಿದವನು ಗಬ್ಬರ್ ಸಿಂಗನೇ.

ಬೆಟ್ಟದ ಇನ್ನೊಬ್ಬ 'ಖಳ'

ರಾಮಗಢದ ಮನೆಗಳಾಗಲಿ, ಮರದ ಸೇತುವೆಯಾಗಲಿ ಈಗ ಇಲ್ಲ. ಚಿತ್ರೀಕರಣ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಒಯ್ದರು. ಉಳಿದದ್ದು ಬಂಡೆ, ಪಟ್ಟಾಭಿರಾಮನ ಗುಡಿ, ಗುಡಿಗೆ ಹತ್ತುವ ಮೆಟ್ಟಿಲು. ಜೊತೆಗೆ, ಕಡಿದಾದ ಬಂಡೆಗಳ ಚಾಚುಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದು.

ಕಥೆಗಳಲ್ಲಿ ರಣಹದ್ದಿನದೂ ಖಳನ ಪಾತ್ರವೇ. ಬೋಳು ಕುತ್ತಿಗೆ, ಬಾಗಿದ ಕೊಕ್ಕು, ಹೆಣ ತಿನ್ನುವ ಬುದ್ಧಿ ಎಂದು ಅದನ್ನು ಅಪಶಕುನದ ಪಟ್ಟಿಗೆ ಸೇರಿಸಿಬಿಟ್ಟಿದ್ದಾರೆ. ಆದರೆ ಸತ್ತ ದನವನ್ನು ತಿಂದು, ರೋಗ ಹರಡದಂತೆ ಊರನ್ನು ಕಾಯುವ ಹಕ್ಕಿಯದು. ದನಗಳಿಗೆ ನೋವು ಕಳೆಯಲು ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ ಸತ್ತ ದನದ ಮಾಂಸದ ಮೂಲಕ ಹಕ್ಕಿಯ ಹೊಟ್ಟೆ ಸೇರಿ, ಮೂತ್ರಪಿಂಡಗಳನ್ನು ಕೆಡಿಸಿತು. 1990ರ ದಶಕದಿಂದೀಚೆಗೆ ದೇಶದ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಅಳಿದವು. ಜಾನುವಾರುಗಳಿಗೆ ಆ ಔಷಧ ಬಳಸುವುದನ್ನು 2006ರಲ್ಲಿ ನಿಷೇಧಿಸಲಾಯಿತು. 2012ರಲ್ಲಿ ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶ ರಣಹದ್ದುಗಳ ಅಭಯಧಾಮವಾಯಿತು. ಬೆರಳೆಣಿಕೆಯಷ್ಟು ಉಳಿದ ಹಕ್ಕಿಗಳು ಇಡುವುದು ವರ್ಷಕ್ಕೆ ಒಂದೇ ಮೊಟ್ಟೆ. ಗದ್ದಲಕ್ಕೆ ಬೆದರಿ ಗೂಡು ಬಿಟ್ಟರೆ ಆ ವರ್ಷದ ಸಂತತಿಯೇ ಇಲ್ಲ.

ಹೋಗುವುದು ಹೇಗೆ?

ಬೆಂಗಳೂರು ಮೈಸೂರು ರೈಲುಮಾರ್ಗದಲ್ಲಿ ರಾಮನಗರ ನಿಲ್ದಾಣವಿದೆ, ಬಸ್ಸುಗಳಿಗಂತೂ ಕೊರತೆಯಿಲ್ಲ. ಸ್ವಂತ ವಾಹನದವರು 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಹೊರಗಿನಿಂದಲೇ ಬಳಸಿ ಹೋಗುತ್ತದೆಂಬುದನ್ನು ಮರೆಯದೆ ಹಳೆಯ ರಸ್ತೆಗೆ ತಿರುಗಬೇಕು. ಬಿಸಿಲೇರುವ ಮುನ್ನ ಬೆಟ್ಟ ಹತ್ತುವುದು ಒಳ್ಳೆಯದು. ಕುಡಿಯುವ ನೀರು ಜೊತೆಗಿರಲಿ. ಖಾಲಿ ಬಾಟಲಿಯೂ ಜೊತೆಯಲ್ಲೇ ಮರಳಲಿ. ಒಂದು ದುರ್ಬೀನು ಇದ್ದರೆ ಮಕ್ಕಳಿಗೆ ಹಬ್ಬ.

ಬೆಟ್ಟಕ್ಕೆ ಬಂದವರಲ್ಲಿ ಅನೇಕರಿಗೆ ಬಂಡೆಯೇರಿ ಗಬ್ಬರನಂತೆ ಒಮ್ಮೆ ಕೂಗುವ ಚಪಲ. 2025ರಲ್ಲಿ ಚಿತ್ರಕ್ಕೆ 50 ತುಂಬಿ, ಸೆನ್ಸಾರಿಗಾಗಿ ಹಿಂದೆ ಬದಲಿಸಿದ್ದ ಮೂಲ ಮುಕ್ತಾಯದೊಂದಿಗೆ ಇಟಲಿಯ ಬೊಲೋನ್ಯಾದಲ್ಲಿ ಪ್ರದರ್ಶನಗೊಂಡ ಮೇಲಂತೂ ಅವನ ನೆನಪು ಮತ್ತೆ ಹಸಿರಾಗಿದೆ. ಕೂಗುವ ಮುನ್ನ ಮಕ್ಕಳೂ ಹಿರಿಯರೂ ಎರಡು ಸಂಗತಿ ನೆನೆದರೆ ಸಾಕು. ಮೇಲಿನ ಬಂಡೆಯ ಸಂದಿನಲ್ಲಿ ಒಂದು ತಾಯಿಹಕ್ಕಿ ಮೊಟ್ಟೆಗೆ ಕಾವು ಕೊಡುತ್ತಿರಬಹುದು. ಮತ್ತೊಂದು, ಅಮ್ಜದ್ ಖಾನ್ ಇಡೀ ದೇಶವನ್ನು ನಡುಗಿಸಿದ ಆ ಪ್ರಶ್ನೆಯನ್ನು ಮೊದಲು ಕೇಳಿದ್ದು ತೀರ ಸಣ್ಣ ದನಿಯಲ್ಲಿ.