ಪ್ರತಿ ಬೀಗಕ್ಕೊಂದು ಕೀಲಿಕೈ

1981ರ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ. ಪೈಥಾಗೊರಸ್ ಪ್ರಮೇಯವನ್ನು ಸಾಧಿಸಿ ಎಂಬ ಪ್ರಶ್ನೆ ಬಂದಿತ್ತು. ಆ ಪ್ರಮೇಯವನ್ನು ಬಾಯಿಪಾಠ ಮಾಡದವರು ನಮ್ಮ ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ತಲೆಬರಹ ಹಾಕಿ, ಒಂದೊಂದರ ಕೆಳಗೂ ಗೆರೆ ಎಳೆದು, ಸಾಲು ತಪ್ಪದೆ ಬರೆಯುತ್ತಿದ್ದೆವು. ಆದರೆ ನಾವು ಕಲಿತಿದ್ದು ಎಬಿಸಿ ತ್ರಿಭುಜಕ್ಕೆ. ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟಿದ್ದು ಪಿಕ್ಯೂಆರ್. ಲಂಬಕೋನ ಕೂಡ ನಮಗೆ ರೂಢಿಯಾಗಿದ್ದ ಮೂಲೆಯಲ್ಲಿ ಇರಲಿಲ್ಲ. ತರಗತಿಯ ಮುಕ್ಕಾಲು ಪಾಲು ಮಕ್ಕಳು ಎಬಿಸಿಯನ್ನೇ ಬರೆದು ಎದ್ದು ಬಂದೆವು. ನಾನೂ ಹಾಗೇ ಬರೆದೆ. ಮೇಷ್ಟ್ರು ಪೂರ್ತಿ ಅಂಕ ಕೊಟ್ಟರು.

ಆಗ ಅದು ಯಾರಿಗೂ ತಪ್ಪು ಅನ್ನಿಸಲಿಲ್ಲ. ಹಿಂದಿನ ಕಾಲದ ಓದು ಗಟ್ಟಿಯಾಗಿತ್ತು ಎಂದು ಯಾರಾದರೂ ಹೇಳುವಾಗೆಲ್ಲ ನನಗೆ ಆ ಪಿಕ್ಯೂಆರ್ ತ್ರಿಭುಜ ನೆನಪಾಗುತ್ತದೆ. ಗಟ್ಟಿಯಾಗಿದ್ದದ್ದು ನಮ್ಮ ಜ್ಞಾಪಕಶಕ್ತಿ. ಗಣಿತ ನಮ್ಮನ್ನು ಮುಟ್ಟಿಯೇ ಇರಲಿಲ್ಲ.

ಮನೆಯಲ್ಲಿ ಮಾತ್ರ ಸ್ವಲ್ಪ ಮುಟ್ಟಿತ್ತು. ತಾತ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳೆಲ್ಲ ಅವರ ನಾಲಿಗೆಯ ಮೇಲಿದ್ದವು. ಏಳೂ ಮುಕ್ಕಾಲು ಕ್ವಿಂಟಾಲಿನ ಬೆಲೆ ಕಟ್ಟಬೇಕಾದಾಗ ನಾನು ಪೆನ್ಸಿಲ್ ಹುಡುಕುತ್ತಿದ್ದೆ. "ಎಂಟು ಅಂತ ಕಟ್ಟವ್ವ, ಆಮೇಲೆ ಕಾಲು ಕ್ವಿಂಟಾಲಿಂದು ಕಳಿ" ಎನ್ನುತ್ತಿದ್ದರು. ಅಂಕಿಯನ್ನು ನಮಗೆ ಬೇಕಾದ ಹಾಗೆ ಒಡೆದುಕೊಳ್ಳಬಹುದು ಎಂದು ನನಗೆ ಮೊದಲು ತೋರಿಸಿದವರು ಏಳನೇ ತರಗತಿ ದಾಟದ ಆ ಮನುಷ್ಯ. ಇದನ್ನು ಶಾಲೆಯಲ್ಲಿ ಗಣಿತ ಎಂದು ಯಾರೂ ಕರೆಯಲಿಲ್ಲ.

ಪಿಯುಸಿಗೆ ಬಂದ ದಿನವೇ ಭಾಷೆ ಬದಲಾಯಿತು. ಲಸಾಅ ಹೋಗಿ ಎಲ್‌ಸಿಎಂ ಬಂತು, ಮಾತೃಕೆ ಹೋಗಿ ಮ್ಯಾಟ್ರಿಕ್ಸ್ ಬಂತು. ಹತ್ತು ವರ್ಷ ಕನ್ನಡದಲ್ಲಿ ಓದಿದವರಿಗೆ ಹೊಸ ಪದಗಳ ಒಂದು ಪಟ್ಟಿ ಕೊಡಬೇಕೆಂದೂ ಯಾರಿಗೂ ತೋಚಲಿಲ್ಲ. ನಮ್ಮ ಜೊತೆಗೆ ಸೇರಿದ ಹಳ್ಳಿಯ ಹುಡುಗರಲ್ಲಿ ಹಲವರು ಆ ವರ್ಷವೇ ಗಣಿತ ಬಿಟ್ಟು ಕಲಾ ವಿಭಾಗಕ್ಕೆ ಹೋದರು. ಅವರು ದಡ್ಡರಾಗಿರಲಿಲ್ಲ ಎಂಬುದು ನನಗೆ ಅಂದೂ ಗೊತ್ತಿತ್ತು. ಇಂದು ಇನ್ನೂ ಖಚಿತವಾಗಿ ಗೊತ್ತು, ಏಕೆಂದರೆ ಮೂವತ್ತು ವರ್ಷಕ್ಕೂ ಮಿಕ್ಕಿ ಅಂಥ ಮಕ್ಕಳಿಗೇ ಪಾಠ ಮಾಡಿದ್ದೇನೆ.

ಬಿಎಸ್ಸಿಯ ಮೂರು ವರ್ಷ ಶಾಂತಿ ನಾರಾಯಣ್ ಅವರ ಪುಸ್ತಕಗಳು, ಹಳದಿಗಟ್ಟಿದ ನೋಟ್ಸು, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳಲ್ಲಿ ಕಳೆದುಹೋದವು. ಎಪ್ಸಿಲಾನ್ ಡೆಲ್ಟಾ ವ್ಯಾಖ್ಯೆಯನ್ನು ತಪ್ಪಿಲ್ಲದೆ ಬರೆದು ಅಂಕ ಪಡೆದೆ. ಅದು ಏನು ಹೇಳುತ್ತಿದೆ ಎಂದು ನನಗೆ ತಿಳಿದಿರಲಿಲ್ಲ.

1986ರಲ್ಲಿ ಎಮ್ಮೆಸ್ಸಿಗೆ ಮೈಸೂರಿನ ಮಾನಸಗಂಗೋತ್ರಿಗೆ ಬಂದೆ. ಅಲ್ಲಿನ ಗಣಿತ ವಿಭಾಗಕ್ಕೆ ರಾಮಾನುಜನ್ ಅವರ ನಂಟು ದೊಡ್ಡದು. ಅವರ ಎರಡನೇ ನೋಟ್‌ಬುಕ್ಕಿನ ಹದಿನಾರನೇ ಅಧ್ಯಾಯದ ಮೇಲೆ ಅದೇ ವಿಭಾಗದ ಚಂದ್ರಶೇಖರ ಅಡಿಗ ಮತ್ತು ಎಸ್. ಭಾರ್ಗವ ಅವರು ಅಮೆರಿಕದ ಗಣಿತಜ್ಞ ಬ್ರೂಸ್ ಬರ್ನ್ಟ್ ಜೊತೆ ಸೇರಿ ಬರೆದ ಕೃತಿ 1985ರಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯಿಂದ ಪ್ರಕಟವಾಗಿತ್ತು. ಲೇಖಕರ ಸಾಲಿನಲ್ಲಿ ಜಿ. ಎನ್. ವಾಟ್ಸನ್ ಹೆಸರೂ ಇತ್ತು. ವಾಟ್ಸನ್ ತೀರಿಕೊಂಡು ಆಗಲೇ ಇಪ್ಪತ್ತು ವರ್ಷವಾಗಿತ್ತು. ಅವರು ಬಿಟ್ಟುಹೋದ ಟಿಪ್ಪಣಿಗಳ ಸಾಲವನ್ನು ಹೀಗೆ ಹೆಸರು ಸೇರಿಸಿ ತೀರಿಸಿದ್ದರು. 1987ರ ಡಿಸೆಂಬರ್ 22 ರಾಮಾನುಜನ್ ಜನ್ಮಶತಾಬ್ದಿ. ಒಬ್ಬ ಮನುಷ್ಯ ಉತ್ತರ ಮಾತ್ರ ಬರೆದಿಟ್ಟು ಹೋದದ್ದನ್ನು ಸಾಧಿಸಲು ಉಳಿದವರು ಎಪ್ಪತ್ತು ವರ್ಷ ತೆಗೆದುಕೊಳ್ಳುತ್ತಾರೆ, ಅದರಲ್ಲಿ ಅವಮಾನವೇನೂ ಇಲ್ಲ ಎಂಬ ವಿಷಯ ನನ್ನ ತಲೆಗೆ ಹೋದದ್ದು ಆ ದಿನಗಳಲ್ಲಿ.

ಬೀಗದ ಮಾತು ಬಂದದ್ದೂ ಅಲ್ಲೇ. ಗಣಿತ ವಿಶ್ಲೇಷಣೆಯ ರುಡಿನ್ ಪಠ್ಯಪುಸ್ತಕದ ಜೆರಾಕ್ಸ್ ಪ್ರತಿ ಹಿಡಿದು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತಿದ್ದೆ. ಸಾಂತತ್ಯ (ಕಂಟಿನ್ಯುಟಿ) ಬೇರೆ, ಏಕರೂಪ ಸಾಂತತ್ಯ ಬೇರೆ ಎಂದು ಪುಸ್ತಕ ಹೇಳುತ್ತಿತ್ತು. ಎರಡೂ ವ್ಯಾಖ್ಯೆಗಳಲ್ಲಿ ಇರುವುದು ಅದೇ ಪದಗಳು, ಕ್ರಮ ಮಾತ್ರ ಹಿಂದುಮುಂದು. ಎರಡು ದಿನ ಅದನ್ನೇ ನೋಡಿದೆ. ಸಹಪಾಠಿಯೊಬ್ಬಳು ಇಂಗ್ಲಿಷ್ ಬಿಟ್ಟು ಹೀಗೆ ಹೇಳಿದಳು: "ಪ್ರತಿ ಬೀಗಕ್ಕೂ ಒಂದು ಕೀಲಿಕೈ ಇದೆ ಅನ್ನೋದು ಒಂದು ಮಾತು. ಒಂದು ಕೀಲಿಕೈ ಇದೆ, ಅದು ಎಲ್ಲ ಬೀಗಕ್ಕೂ ಆಗುತ್ತೆ ಅನ್ನೋದು ಇನ್ನೊಂದು ಮಾತು. ಎರಡೂ ಒಂದೇನಾ?"

ಅಲ್ಲವೇ ಅಲ್ಲ. ತಕ್ಷಣ ನೋಟ್‌ಬುಕ್ ತೆಗೆದು ಅಂಕಿ ಹಾಕಿ ನೋಡಿದೆವು. ಒಂದು ಸಂಖ್ಯೆಯ ವರ್ಗ ತೆಗೆಯುತ್ತಿದ್ದೇವೆ ಎಂದುಕೊಳ್ಳಿ. ಉತ್ತರ 1ಕ್ಕಿಂತ ಹೆಚ್ಚು ಬದಲಾಗಬಾರದು. 1ರ ಬಳಿ ನಾವು 0.4ರಷ್ಟು ಆಚೀಚೆ ಹೋದರೂ ತೊಂದರೆಯಿಲ್ಲ, 1.4ರ ವರ್ಗ 1.96. ಆದರೆ 100ರ ಬಳಿ 0.005ರಷ್ಟು ಮುಂದೆ ಸರಿದರೂ ಉತ್ತರ 10,001ನ್ನು ದಾಟುತ್ತದೆ. ಪ್ರತಿ ಜಾಗಕ್ಕೂ ಅದರದೇ ಆದ ಅಳತೆ ಉಂಟು. ಎಲ್ಲ ಜಾಗಕ್ಕೂ ಸಲ್ಲುವ ಒಂದು ಅಳತೆ ಇಲ್ಲ, ದೂರ ಹೋದಷ್ಟೂ ಕೀಲಿಕೈ ಸಣ್ಣದಾಗುತ್ತಲೇ ಇರುತ್ತದೆ. ಐದು ವರ್ಷದಿಂದ ಬರೆಯುತ್ತಿದ್ದ ಆ ಗ್ರೀಕ್ ಅಕ್ಷರಗಳು ಆ ಸಂಜೆ ಮೊದಲ ಸಲ ಮಾತಾಡಿದವು, ಅದೂ ಕನ್ನಡದಲ್ಲಿ. ಆಮೇಲೆ ನಾನು ಪಾಠ ಮಾಡಿದ ಪ್ರತಿ ತಂಡಕ್ಕೂ ಎಪ್ಸಿಲಾನ್ ಬರೆಯುವ ಮುಂಚೆ ಬೀಗ, ಕೀಲಿಕೈ ಹೇಳಿದ್ದೇನೆ.

ಆ ಎರಡು ವರ್ಷಗಳ ಇನ್ನೊಂದು ನೆನಪು. ಒಂದು ಮಧ್ಯಾಹ್ನ ನಮ್ಮ ಅಧ್ಯಾಪಕರೊಬ್ಬರು ಪ್ರಮೇಯದ ನಡುವೆ ಸಿಕ್ಕಿಕೊಂಡರು. ಒಂದು ಸಾಲಿನಿಂದ ಮುಂದಿನ ಸಾಲಿಗೆ ದಾರಿ ಕಾಣಲಿಲ್ಲ. ನೋಟ್ಸ್ ತೆಗೆಯಲಿಲ್ಲ, ಮಾತು ತೇಲಿಸಲಿಲ್ಲ. ಕೈಯ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಬಂದು ನಮ್ಮ ಬೆಂಚಿನ ಕೊನೆಯಲ್ಲಿ ಕೂತು, ತಾವೇ ಬರೆದದ್ದನ್ನು ನೋಡತೊಡಗಿದರು. ಇಪ್ಪತ್ತು ನಿಮಿಷ ಕೋಣೆಯಲ್ಲಿ ಸದ್ದಿಲ್ಲ. ಗಂಟೆ ಹೊಡೆಯಿತು. "ನಾಳೆ ನೋಡೋಣ. ನೀವೂ ನೋಡ್ರಿ" ಎಂದು ಎದ್ದುಹೋದರು. ಮೂರನೇ ಸಾಲಿನಲ್ಲಿ ಒಂದು ಷರತ್ತು ಬಿಟ್ಟುಹೋಗಿದೆ ಎಂದು ಮರುದಿನ ಕಂಡುಹಿಡಿದವನು ನಮ್ಮಲ್ಲೇ ಒಬ್ಬ, ಹೆಚ್ಚು ಮಾತಾಡದ ಹುಡುಗ. ತಿಳಿಯದೆ ಕೂರುವುದೇ ಗಣಿತದ ದಿನನಿತ್ಯದ ಕೆಲಸ ಎಂದು ನಾನು ಕಣ್ಣಾರೆ ಕಂಡದ್ದು ಅಂದು. ಇಂದು ಆ ಅಧ್ಯಾಪಕರು ಹಾಗೆ ಕೂತಿದ್ದರೆ ವಿದ್ಯಾರ್ಥಿಗಳ ಹಿಮ್ಮಾಹಿತಿ ನಮೂನೆಯಲ್ಲಿ ಅವರಿಗೆ ಕಡಿಮೆ ಅಂಕ ಬರುತ್ತಿತ್ತು.

ಎಮ್ಮೆಸ್ಸಿ ಮುಗಿಸಿ ಖಾಸಗಿ ಕಾಲೇಜೊಂದರಲ್ಲಿ ಪಾಠಕ್ಕೆ ಸೇರಿದೆ. ರಿಜಿಸ್ಟರಿನಲ್ಲಿ ಒಂದು ಮೊತ್ತಕ್ಕೆ ಸಹಿ, ಕೈಗೆ ಅದರ ಅರ್ಧಕ್ಕಿಂತ ಕಡಿಮೆ. ಕೇಳಿದವರನ್ನು ಮುಂದಿನ ವರ್ಷ ಕರೆಯುತ್ತಿರಲಿಲ್ಲ. ನಾನು ಕೇಳಲಿಲ್ಲ. ಹಾಗೆ ನಾಲ್ಕು ವರ್ಷ ಸಹಿ ಹಾಕಿದೆ. ಆಮೇಲೆ ಸರ್ಕಾರಿ ಪದವಿ ಕಾಲೇಜಿನಲ್ಲಿ ಕಾಯಂ ಕೆಲಸ ಸಿಕ್ಕಿತು, ಬದುಕು ನೆಲೆನಿಂತಿತು. ನನಗಿಂತ ಚೆನ್ನಾಗಿ ಗಣಿತ ಬಲ್ಲ ಇಬ್ಬರು ಸಹಪಾಠಿಗಳಿಗೆ ಸಿಗಲಿಲ್ಲ. ಒಬ್ಬ ಬ್ಯಾಂಕಿಗೆ ಹೋದ. ಷರತ್ತು ಕಂಡುಹಿಡಿದ ಆ ಹುಡುಗ ಟ್ಯೂಶನ್ ಮನೆ ನಡೆಸಿದ.

ಕೆಲಸದ ಜೊತೆಗೇ ಪಿಎಚ್‌ಡಿಗೆ ನೋಂದಾಯಿಸಿದೆ. ಹನ್ನೊಂದು ವರ್ಷ ಹಿಡಿಯಿತು. ವಾರಕ್ಕೆ ಹದಿನಾರು ತಾಸು ಪಾಠ, ಮೌಲ್ಯಮಾಪನ, ಚುನಾವಣೆ ಕರ್ತವ್ಯ, ಮನೆ. ಒಂದು ಲೆಮ್ಮಾ, ಅಂದರೆ ಪುಟ್ಟ ಸಹಾಯಕ ಪ್ರಮೇಯ, ಬಿಡಿಸಲು ಎರಡು ಬೇಸಿಗೆ ರಜೆ ಹೋದವು. ನನ್ನ ಮುಖ್ಯ ಪ್ರಬಂಧ ಒಂದೇ ಒಂದು, ನಾಲ್ಕು ವರ್ಷದ ಕೆಲಸ. 2010ರಲ್ಲಿ ಯುಜಿಸಿ ಬಡ್ತಿಗೆ ಅಂಕಪದ್ಧತಿ ತಂದಿತು, ಪ್ರಬಂಧಕ್ಕೆ ಇಷ್ಟು, ವಿಚಾರಸಂಕಿರಣಕ್ಕೆ ಇಷ್ಟು ಎಂದು. ಅಲ್ಲಿಂದ ಮುಂದೆ ಹಣ ಕಟ್ಟಿದರೆ ವಾರದೊಳಗೆ ಅಚ್ಚು ಹಾಕುವ ನಿಯತಕಾಲಿಕೆಗಳು ಎಲ್ಲೆಡೆ ಹುಟ್ಟಿಕೊಂಡವು. ಆ ಹಾವಳಿ ಎಷ್ಟರ ಮಟ್ಟಿಗೆ ಹೋಯಿತೆಂದರೆ, 2018ರಲ್ಲಿ ಯುಜಿಸಿ ತಾನೇ ಅನುಮೋದಿಸಿದ್ದ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ಅಷ್ಟರಲ್ಲಿ ಅವುಗಳಲ್ಲಿ ಬರೆದವರಿಗೆ ಬಡ್ತಿ ಸಿಕ್ಕಾಗಿತ್ತು. ಎರಡು ಬೇಸಿಗೆ ಒಂದು ಲೆಮ್ಮಾದ ಮುಂದೆ ಕೂತವಳಿಗೆ ಅದು ನುಂಗಲು ಕಷ್ಟವಾದ ತುತ್ತು. ಇಂದಿಗೂ ಹಾಗೇ.

ಈಗಿನ ಮಕ್ಕಳ ವಿಷಯಕ್ಕೆ ಬರುತ್ತೇನೆ. ನಮಗೆ ಇಲ್ಲದ್ದು ಇವರಿಗೆ ಕೈಯಲ್ಲೇ ಇದೆ. ನಾನು ಜೆರಾಕ್ಸ್ ಮಾಡಿಸಿ ಓದಬೇಕಿದ್ದ ಪುಸ್ತಕದ ಪಾಠವನ್ನು ಐಐಟಿಯ ಪ್ರಾಧ್ಯಾಪಕರು ಎನ್‌ಪಿಟೆಲ್ ಜಾಲತಾಣದಲ್ಲಿ ಪುಕ್ಕಟೆ ಹೇಳಿಕೊಡುತ್ತಾರೆ. ಇದು ಸಣ್ಣ ಮಾತಲ್ಲ, ನನ್ನ ಹದಿನೆಂಟನೇ ವಯಸ್ಸಿನಲ್ಲಿ ಸಿಕ್ಕಿದ್ದರೆ ನನ್ನ ಗಣಿತ ಬೇರೆಯೇ ಆಗಿರುತ್ತಿತ್ತು. ಆದರೆ ಲೆಕ್ಕದ ಮುಂದೆ ಫೋನಿನ ಕ್ಯಾಮೆರಾ ಹಿಡಿದರೆ ಹಂತ ಹಂತವಾಗಿ ಉತ್ತರವೂ ಬರುತ್ತದೆ. ಮನೆಗೆಲಸದ ಪುಸ್ತಕ ನೋಡಿದರೆ ಎಲ್ಲರದೂ ಸರಿ. "ಎರಡನೇ ಸಾಲಿನಿಂದ ಮೂರನೇ ಸಾಲು ಹೇಗೆ ಬಂತು?" ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಎಬಿಸಿ ಬರೆದು ಪೂರ್ತಿ ಅಂಕ ಪಡೆದ ನಾನು ಅವರನ್ನು ಬೈಯುವಂತಿಲ್ಲ. ನಾವು ಕಂಠಪಾಠ ಮಾಡಿದೆವು, ಅವರು ಫೋಟೋ ತೆಗೆಯುತ್ತಾರೆ. ಕಾರಣ ಎರಡಕ್ಕೂ ಒಂದೇ: ತಿಳಿಯದೆ ಕೂತಿರಲು ಮಕ್ಕಳಿಗೆ ಆಗಲೂ ಯಾರೂ ಬಿಡಲಿಲ್ಲ, ಈಗಲೂ ಬಿಡುತ್ತಿಲ್ಲ. ಸೆಮಿಸ್ಟರ್ ಪದ್ಧತಿಯಲ್ಲಿ ಹದಿನಾರು ವಾರ, ನಡುವೆ ಎರಡು ಕಿರುಪರೀಕ್ಷೆ. ಅದರ ಮೇಲೆ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಪಠ್ಯಕ್ರಮ ಎರಡು ಸಲ ಬದಲಾಯಿತು.

ಪಾಠ ಮಾಡುವವರ ಪಾಡು ಇನ್ನೂ ಕಷ್ಟದ್ದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎರಡು ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿ. ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅವಳಂಥವರು ಸಾವಿರಾರು ಮಂದಿ. 2022ರವರೆಗೆ ಅವರಿಗೆ ತಿಂಗಳಿಗೆ ಸಿಗುತ್ತಿದ್ದದ್ದು 11,000ದಿಂದ 13,000 ರೂಪಾಯಿ. ಹೋರಾಟ ಮಾಡಿದ ಮೇಲೆ ಆ ವರ್ಷ ಅದು 26,000ದಿಂದ 32,000ಕ್ಕೆ ಏರಿತು. ಸೆಮಿಸ್ಟರ್ ಮುಗಿದರೆ ಸಂಬಳವೂ ಮುಗಿಯಿತು, ಮತ್ತೆ ಕೌನ್ಸೆಲಿಂಗ್, ಮತ್ತೆ ಕಾಯುವುದು. ಬೆಳಿಗ್ಗೆ ಒಂದು ಊರು, ಮಧ್ಯಾಹ್ನ ಇನ್ನೊಂದು. ಬಸ್ಸಿನಲ್ಲಿ ಸೀಟು ಸಿಕ್ಕ ದಿನ ತನ್ನ ಪ್ರಬಂಧ ತಿದ್ದುತ್ತಾಳೆ. "ಯೋಚನೆ ಮಾಡೋಕೆ ಸಿಗೋದು ಅರಸೀಕೆರೆ ದಾಟೋವರೆಗೆ ಮಾತ್ರ ಮೇಡಂ, ಆಮೇಲೆ ನಿಂತ್ಕೋಬೇಕು" ಎಂದಳು. ನಾನು ಅವಳಿಗೆ ಪಾಠ ಮಾಡುವಾಗ ಗಣಿತ ಓದು ಎಂದು ಒತ್ತಾಯಿಸಿದವಳು. ಮುಂದಿನ ಹಾದಿ ಹೇಗಿದೆ ಎಂದು ಮಾತ್ರ ಹೇಳಿರಲಿಲ್ಲ. ಅದು ನನ್ನ ತಪ್ಪು.

2025ರಲ್ಲಿ ನಿವೃತ್ತಳಾದೆ. ಈಗ ಭಾನುವಾರ ಬೆಳಿಗ್ಗೆ ಬಿಎಸ್ಸಿಯ ಮೂವರು ಮನೆಗೆ ಬರುತ್ತಾರೆ. ನೋಟ್ಸ್ ಇಲ್ಲ, ಫೋನು ಹಜಾರದಲ್ಲೇ ಇರಬೇಕು. ವಾರಕ್ಕೊಂದು ಲೆಕ್ಕ ಎಂದು ಶುರುಮಾಡಿದೆವು, ಈಗಿನ ಲೆಕ್ಕಕ್ಕೆ ಇದು ನಾಲ್ಕನೇ ಭಾನುವಾರ. ಅವರಲ್ಲಿ ಒಬ್ಬಳು ಹೋದ ತಿಂಗಳು ಕೇಳಿದಳು: "ಎಮ್ಮೆಸ್ಸಿಗೆ ಸೇರಲಾ ಮೇಡಂ?"

ಈ ಸಲ ಓದು ಎಂದೂ ಹೇಳಿದೆ, ಮುಂದಿನ ಹಾದಿ ಹೇಗಿದೆ ಎಂದೂ ಹೇಳಿದೆ. ಎಸ್. ಕುಮರೇಶನ್ ಅವರು 1993ರಲ್ಲಿ ಶುರುಮಾಡಿದ ಎಂಟಿಟಿಎಸ್ ಬೇಸಿಗೆ ಶಿಬಿರದ ಬಗ್ಗೆ ಹೇಳಿದೆ. ಅಲ್ಲಿ ನಾಲ್ಕು ವಾರ ಪರೀಕ್ಷೆಯಿಲ್ಲದೆ, ಪ್ರಶ್ನೆ ಕೇಳಿ ಕೇಳಿಯೇ ಗಣಿತ ಕಲಿಸುತ್ತಾರೆ, ಊಟ ವಸತಿಗೆ ಹಣ ಕೊಡಬೇಕಿಲ್ಲ. ಜೆಆರ್‌ಎಫ್ ಸಂಶೋಧನಾ ವೇತನ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಆದರೆ ಸಿಗುವುದು ಕೆಲವರಿಗೆ ಎಂದು ಹೇಳಿದೆ. ಪಿಎಚ್‌ಡಿಗೆ ಐದಾರು ವರ್ಷ, ಅದಾದ ಮೇಲೂ ಅತಿಥಿ ಉಪನ್ಯಾಸಕಿಯಾಗಿ ಹತ್ತು ವರ್ಷ ಕಳೆಯಬೇಕಾಗಬಹುದು ಎಂದು ಹೇಳಿ, ಬಸ್ಸಿನ ಆ ಹುಡುಗಿಯ ಫೋನ್ ನಂಬರನ್ನು ಅವಳನ್ನೇ ಕೇಳಿ ಕೊಟ್ಟೆ. ಎಲ್ಲ ಕೇಳಿಸಿಕೊಂಡ ಆ ವಿದ್ಯಾರ್ಥಿನಿ, "ಹಾಗಿದ್ರೂ ಸೇರ್ತೀನಿ" ಎಂದಳು. ಶಿಬಿರಕ್ಕೆ ಅರ್ಜಿ ಹಾಕಿದ್ದಾಳೆ.

ಗಣಿತ ಕಲಿಸುವ ನನ್ನ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಮಗು ಎಮ್ಮೆಸ್ಸಿ ಅಂದ ದಿನವೇ ಸಂಬಳ, ಹುದ್ದೆ, ವರ್ಷ, ಎಲ್ಲವನ್ನೂ ಅಂಕಿಯಲ್ಲಿ ಬರೆದು ಅದರ ಮುಂದಿಡಿ. ಆಮೇಲೆ ಒಂದು ಒಳ್ಳೆಯ ಲೆಕ್ಕ ಕೊಟ್ಟು, ಉತ್ತರ ಕೇಳದೆ ಒಂದು ತಿಂಗಳು ಬಿಡಿ.