ನಾಸಿಕದ ಚಳಿ, ಸಂಭಾಜಿನಗರದ ಅಂಟಿನುಂಡಿ

ನಾಸಿಕದಲ್ಲಿ ಚಳಿಗಾಲ ಬಂತೆಂದು ತಿಳಿಯಲು ನಮಗೆ ಪಂಚಾಂಗ ಬೇಕಾಗಿಲ್ಲ. ನಮ್ಮ ಕಚೇರಿಯ ಹಿರಿಯ ಗುಮಾಸ್ತರು ಮಫ್ಲರ್ ಬಿಚ್ಚದೆಯೇ ಕುರ್ಚಿಯಲ್ಲಿ ಕುಳಿತರೆಂದರೆ ಕಾರ್ತಿಕ ಮುಗಿಯಿತು. ಹನ್ನೊಂದು ಗಂಟೆಯೊಳಗೆ ಚಹದ ಹುಡುಗ ಎರಡನೆಯ ಸುತ್ತು ಬಂದನೆಂದರೆ ಡಿಸೆಂಬರ ಬಂದೇ ಬಂತು. ನಾನು ಧಾರವಾಡದ ಕಡೆಯವನು. ಬಿ.ಎ. ಪಾಸು ಮಾಡಿ, ನೌಕರಿಯ ಬೆನ್ನು ಹತ್ತಿ ಈ ಊರಿಗೆ ಬಂದು ಹತ್ತು ವರ್ಷಗಳಾದವು. ಧಾರವಾಡದ ಚಳಿಯನ್ನು ಕಂಡವನಿಗೆ ಇದೇನು ಮಹಾ ಎಂದುಕೊಂಡು ಮೊದಲ ವರ್ಷ ಸ್ವೆಟರು ಕೊಳ್ಳದೆ ಉಳಿದಿದ್ದೆ. ಆ ಜಂಬ ಒಂದು ವಾರವೂ ಬಾಳಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇಲ್ಲಿಂದ ಪೂರ್ವಕ್ಕೆ ನಿಫಾಡ ಎಂಬ ತಾಲೂಕಿದೆ. ದ್ರಾಕ್ಷಿಯ ಸೀಮೆ. ಮಹಾರಾಷ್ಟ್ರದಲ್ಲೆಲ್ಲ ಅತಿ ಕಡಿಮೆ ಉಷ್ಣತೆ ಎಂದು ಪತ್ರಿಕೆಗಳಲ್ಲಿ ಪದೇ ಪದೇ ಹೆಸರು ಬರುವುದು ಈ ಊರಿನದೇ. ಒಣ ಗಾಳಿ, ಮೋಡವಿಲ್ಲದ ಆಕಾಶ. ಹಗಲಿನ ಕಾವೆಲ್ಲ ರಾತ್ರಿ ಮೇಲಕ್ಕೆ ಹಾರಿಹೋಗಿ ನೆಲ ತಣ್ಣಗಾಗುತ್ತದೆ. ಅಕ್ಟೋಬರದಲ್ಲಿ ಬಳ್ಳಿ ಸವರಿದ ರೈತನಿಗೆ ಡಿಸೆಂಬರವೆಂದರೆ ಕಾಯಿ ತುಂಬುವ ಕಾಲ. ಚಳಿ ಹೆಚ್ಚಾದರೆ ಕಾಯಿಯ ಬೆಳವಣಿಗೆ ನಿಲ್ಲುತ್ತದೆ, ಹಣ್ಣಾಗುತ್ತಿರುವುದು ಬಿರಿಯುತ್ತದೆ. ಆದ್ದರಿಂದ ಬೆಳಗಿನ ಜಾವ ತೋಟದ ಸಾಲುಗಳಲ್ಲಿ ಹೊಗೆಬೆಂಕಿ ಹಾಕುತ್ತಾರೆ, ಬೇರಿಗೆ ನೀರು ಬಿಡುತ್ತಾರೆ. ಪೇಟೆಯವರಾದ ನಮಗೆ ಚಳಿ ಎಂದರೆ ಬಿಸಿ ಬಜ್ಜಿಗೆ ನೆವ. ಅವರಿಗೆ ಅದು ವರುಷದ ಅನ್ನದ ಪ್ರಶ್ನೆ.

ನಮ್ಮ ಓಣಿಯಲ್ಲಿ ನಾಲ್ಕು ಕನ್ನಡ ಮನೆಗಳಿದ್ದವು. ಸಂಜೆ ಕಚೇರಿ ಬಿಟ್ಟ ಮೇಲೆ ಯಾರದಾದರೊಬ್ಬರ ಕಟ್ಟೆಯ ಮೇಲೆ ಕೂಟ ಸೇರುತ್ತಿತ್ತು. ಹೆಸರಿಗಿಂತ ಊರಿನ ಹೆಸರೇ ಬಳಕೆ: ಉಡುಪಿಯವರು, ಬೆಟಗೇರಿಯವರು, ವಿಜಾಪುರದವರು. ಬೆಟಗೇರಿಯವರು ಕ್ರೈಸ್ತರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಆಮೇಲೆ ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆ ಮಾಡಿದ ಕಾಲದಿಂದಲೂ ಆ ಮನೆತನ ಆ ಸಭೆಯಲ್ಲಿದೆ. ಅಜ್ಜಂದಿರು ನೇಕಾರರು. ನವೆಂಬರ ಮುಗಿಯುತ್ತಲೇ ಕಟ್ಟೆಯ ಮಾತು ಕ್ರಿಸ್ಮಸ್ಸಿಗೆ ತಿರುಗುತ್ತಿತ್ತು. ಇಲ್ಲಿನ ಮರಾಠಿಗರು ಅದನ್ನು ನಾತಾಳ ಎನ್ನುತ್ತಾರೆ. ದೀಪಾವಳಿಯಂತೆಯೇ ಅದಕ್ಕೂ ಕರಂಜಿ, ಚಕಲಿ, ಶಂಕರಪಾಳಿಗಳಾಗಬೇಕು. ನಾನಖಟಾಯಿಗೆ ಹಿಟ್ಟು, ತುಪ್ಪ, ಸಕ್ಕರೆಗಳನ್ನು ಹೊತ್ತು ಬೇಕರಿಯ ಮುಂದೆ ಸರದಿ ನಿಲ್ಲಬೇಕು. ಉಡುಪಿಯವರು ತಮ್ಮ ಕರಾವಳಿಯ ಕ್ರೈಸ್ತರ ಮನೆಗಳಿಂದ ಬರುವ ಕುಸ್ವಾರದ ತಟ್ಟೆಯನ್ನು ವರ್ಣಿಸುವರು, ಬೆಟಗೇರಿಯವರು ನಕ್ಕು, "ಅದೆಲ್ಲಾ ಸೈ ಅನ್ರಿ. ನಮ್ಮ ಅವ್ವನ ಅಂಟಿನುಂಡಿ ಮುಂದ ಯಾವ ತಾಟೂ ನಿಂದರೂದಿಲ್ಲ" ಎನ್ನುವರು.

ಈ ಮಾತಿನಲ್ಲಿ ಅತಿಶಯವಿರಲಿಲ್ಲ. ಅಂಟಿನುಂಡಿ ಚಳಿಗಾಲದ ತಿಂಡಿ. ಜಾಲಿಯ ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಏಲಕ್ಕಿ ಕೂಡಿಸಿ ಬೆಲ್ಲದ ಪಾಕದಲ್ಲಿ ಕಟ್ಟುವುದು. ನಮ್ಮಲ್ಲಿ ಬಾಣಂತಿಯರಿಗೂ ಅದೇ ಕೊಡುತ್ತಾರೆ. ಮರಾಠಿಯವರ ಡಿಂಕಾಚೆ ಲಾಡು ಅದರ ಸೋದರ. ಆ ತಾಯಿ ಪ್ರತಿ ವರ್ಷ ಕ್ರಿಸ್ಮಸ್ಸಿಗೆ ನಾಲ್ಕೂ ಮನೆಗೆ ಸಮನಾಗಿ ಎಣಿಸಿ ಉಂಡಿ ಕಳಿಸುತ್ತಿದ್ದರು. ನನ್ನ ಹೆಂಡತಿಗೆ ಅವರು ಅತ್ತೆಯ ಸಮಾನ. ನನ್ನ ಮಗಳಿಗೆ ಮೆಟ್ಟಿಲ ಮೇಲೆ ಕೂಡ್ರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸಿದವರೂ ಅವರೇ. ನಮ್ಮ ಹುಡುಗಿಯ ಶಾಲೆ ಮರಾಠಿ, ಮೈದಾನ ಹಿಂದಿ. ಕನ್ನಡಕ್ಕೆ ಆ ಮೆಟ್ಟಿಲೊಂದೇ ಶಾಲೆ.

ಒಂದು ಕ್ರಿಸ್ಮಸ್ಸಿನ ಸಂಜೆ ಅವರನ್ನು ಶರಣಪುರದ ಕಡೆ ಕರೆದುಕೊಂಡು ಹೋಗಿದ್ದೆವು. ನಮ್ಮ ಕಡೆಯವರ ಕಿವಿಗೆ ಶರಣಪುರವೆಂದರೆ ಬಸವಣ್ಣನವರ ಕಲ್ಯಾಣದ ಮಗ್ಗುಲಿನ ಊರೆಂದು ತೋರೀತು. ಇದು ಬೇರೆ. ಆಶ್ರಯದ ಊರು ಎಂಬ ಅರ್ಥದಲ್ಲಿ, 1850ರ ದಶಕದಲ್ಲಿ ವಿಲಿಯಂ ಸಾಲ್ಟರ್ ಪ್ರೈಸ್ ಎಂಬ ಪಾದ್ರಿ ಕಟ್ಟಿದ ವಸತಿ. ಅರಬ್ಬಿ ಸಮುದ್ರದಲ್ಲಿ ಗುಲಾಮರನ್ನು ಸಾಗಿಸುವ ಹಡಗುಗಳನ್ನು ಬ್ರಿಟಿಷ್ ನೌಕಾಪಡೆ ಹಿಡಿದಾಗ ಬಿಡುಗಡೆಯಾದ ಆಫ್ರಿಕದ ಮಕ್ಕಳನ್ನು ಮುಂಬಯಿಗೆ ತಂದು, ಅವರಲ್ಲಿ ಅನೇಕರನ್ನು ಇಲ್ಲಿ ಸಾಕಿ ಓದಿಸಿದರು. 1873ರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಆಫ್ರಿಕದ ನಡುನಾಡಿನಲ್ಲಿ ತೀರಿಕೊಂಡಾಗ ಆತನ ದೇಹವನ್ನು ತಿಂಗಳುಗಟ್ಟಲೆ ಹೊತ್ತು ಕಡಲ ದಂಡೆಗೆ ತಂದವರಲ್ಲಿ, ಇಲ್ಲಿಯೇ ಕಲಿತ ಜೇಕಬ್ ವೇನ್‌ರೈಟ್ ಒಬ್ಬ. 1874ರಲ್ಲಿ ಲಂಡನ್ನಿನಲ್ಲಿ ಅದನ್ನು ಮಣ್ಣು ಮಾಡುವಾಗಲೂ ಆತ ಜೊತೆಗಿದ್ದ.

ಈ ಕತೆಯನ್ನು ನಾನು ದೊಡ್ಡ ವಿದ್ವಾಂಸನಂತೆ ಹೇಳಿ ಮುಗಿಸಿದಾಗ ತಾಯಿಯವರು ಲಿವಿಂಗ್‌ಸ್ಟನ್ ಬಗ್ಗೆ ಏನೂ ಕೇಳಲಿಲ್ಲ. "ಆ ಹುಡುಗರಿಗೆ ಹಬ್ಬದ ದಿನ ಅವರ ಊರಿನ ತಿನಿಸು ಯಾರ ಮಾಡಿ ಕೊಡತಿದ್ರೋ ತಮ್ಮಾ?" ಎಂದರು. ಬಿ.ಎ. ಓದಿದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಕಳೆದ ಜೂನ್ ತಿಂಗಳಲ್ಲಿ ಬೆಟಗೇರಿಯವರಿಗೆ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು. 2023ರವರೆಗೆ ಔರಂಗಾಬಾದ ಎನಿಸಿಕೊಂಡಿದ್ದ ಊರು. ಹೊಸ ಮನೆ, ಹೊಸ ಓಣಿ. ಮಗ ಕಚೇರಿಗೆ, ಸೊಸೆ ದವಾಖಾನೆಯ ಕೆಲಸಕ್ಕೆ, ಮೊಮ್ಮಗ ಶಾಲೆಗೆ. ಎಪ್ಪತ್ತು ದಾಟಿದ ತಾಯಿಗೆ ಮರಾಠಿ ಬಾರದು. ಬೆಳಗಿನಿಂದ ಸಂಜೆಯವರೆಗೆ ಮಾತಾಡಲು ಗೋಡೆಗಳೇ. ಡಿಸೆಂಬರ ಮೊದಲ ವಾರದಲ್ಲಿ ಗೆಳೆಯರ ಫೋನು ಬಂತು. "ಅವ್ವ ಈ ವರ್ಷ ಏನೂ ಮಾಡೂದು ಬ್ಯಾಡ ಅಂದಾಳ್ರಿ. ಬೇಕರಿಯಿಂದ ತಂದ್ರಾತು ಅಂತಾಳ. ಡಾಕ್ಟರು ಏನೂ ಇಲ್ಲ ಅಂದ್ರು. ಮಾತೇ ಕಡಿಮಿ ಆಗ್ಯಾವ."

ನನ್ನ ಹೆಂಡತಿ ಫೋನು ಕೆಳಗಿಟ್ಟವಳೇ "ನಾವು ಹೋಗೂಣು" ಎಂದಳು. ಮರುದಿನ ರವಿವಾರ ಕಾರಂಜಾದ ಅಂಗಡಿಯಿಂದ ಅಂಟು, ಉತ್ತತ್ತಿ, ಕೊಬ್ಬರಿ ಬಂದವು. ನಾನು ರಜೆಯ ಅರ್ಜಿ ಬರೆದೆ. ಕಾರಣ ಎಂಬಲ್ಲಿ "ಕೌಟುಂಬಿಕ" ಎಂದು ಹಾಕಿದೆ. ಅದು ಸುಳ್ಳೆಂದು ನನಗೆ ಅನಿಸಲಿಲ್ಲ.

ಡಿಸೆಂಬರ 24ರ ಬೆಳಿಗ್ಗೆ ನಾಸಿಕ ರೋಡಿನಲ್ಲಿ ತಪೋವನ ಎಕ್ಸ್‌ಪ್ರೆಸ್ ಹತ್ತಿದೆವು. ನಿಫಾಡದ ದ್ರಾಕ್ಷಿತೋಟಗಳು, ಲಾಸಲಗಾಂವದ ಉಳ್ಳಾಗಡ್ಡಿಯ ವಾಸನೆ, ಆಮೇಲೆ ಮನಮಾಡ. ಅಲ್ಲಿಂದ ಗಾಡಿ ನಿಜಾಮರ ಕಾಲದ ದಾರಿಗೆ ಹೊರಳುತ್ತದೆ. ಒಂದು ಕಾಲಕ್ಕೆ ಅದು ಗೋದಾವರಿ ಕಣಿವೆಯ ಮೀಟರ್ ಗೇಜ್ ಹಾದಿ. ಆ ನಾಡಿಗೂ ನಮಗೂ ಒಂದು ಹಳೆಯ ನಂಟಿದೆ. ಕಲಬುರಗಿ, ರಾಯಚೂರು, ಬೀದರಗಳೂ ಈ ಊರೂ 1956ರವರೆಗೆ ಹೈದರಾಬಾದು ಎಂಬ ಒಂದೇ ಸಂಸಾರದಲ್ಲಿದ್ದವು. ರಾಜ್ಯಗಳ ವಿಂಗಡಣೆಯಾದಾಗ ಅವು ಮೈಸೂರಿಗೆ, ಇದು ಮುಂಬಯಿಗೆ ಹೋಯಿತು. ದೌಲತಾಬಾದಿನ ಕೋಟೆಯ ಗುಡ್ಡ ಕಿಟಕಿಯಲ್ಲಿ ಕಂಡಾಗ ಮಗಳು, "ಅಜ್ಜಿ ಮನಿ ಬಂತಾ?" ಎಂದು ಐದನೆಯ ಸಲ ಕೇಳಿದಳು.

ಅಜ್ಜಿ ಮನೆಯಲ್ಲಿದ್ದರು. ಶಾಲು ಹೊದ್ದು ಕಿಟಕಿಯ ಬಳಿ ಕೂತಿದ್ದರು. "ಬರ್ರಿ" ಎಂದರು, ಮಗಳ ತಲೆ ಸವರಿದರು, ಮತ್ತೆ ಕಿಟಕಿಗೆ ತಿರುಗಿದರು. ಗೋಡೆಯ ಮೇಲೆ ಕಾಗದದ ನಕ್ಷತ್ರ ಬೆಳಗುತ್ತಿತ್ತು. ಸೊಸೆ ಅಂಗಡಿಯಿಂದ ಕೇಕು ತಂದಿಟ್ಟಿದ್ದರು. ಎಲ್ಲವೂ ಇತ್ತು, ಹಬ್ಬ ಮಾತ್ರ ಇರಲಿಲ್ಲ.

ನನ್ನ ಹೆಂಡತಿ ಯಾರಿಗೂ ಏನೂ ಹೇಳದೆ ಸೊಸೆಯೊಡನೆ ಅಡಿಗೆಮನೆ ಹೊಕ್ಕು ಬಾಣಲೆ ಇಟ್ಟಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಚಟಚಟ ಸಪ್ಪಳ ಜೋರಾಗಿ ಕೇಳಿಸಿತು. ತಾಯಿಯವರ ತಲೆ ಮೇಲೆದ್ದಿತು.

"ಉರಿ ಭಾಳ ಆತು" ಎಂದರು, ತಮ್ಮಷ್ಟಕ್ಕೆ. ಸಪ್ಪಳ ನಿಲ್ಲಲಿಲ್ಲ. "ಏ ಯವ್ವಾ, ಉರಿ ಸಣ್ಣ ಮಾಡು! ಮ್ಯಾಲ ಅರಳತೈತಿ, ಒಳಗ ಹಸಿ ಉಳಿದು ಹಲ್ಲಿಗೆ ಅಂಟತೈತಿ!" ಈಗಲೂ ಉತ್ತರವಿಲ್ಲ. ತಾಯಿಯವರು ಶಾಲು ಕುರ್ಚಿಯ ಮೇಲೆಸೆದು ಎದ್ದು ನಡೆದರು. "ಸರಿ ಆ ಕಡೆ. ಒಂದs ಸಲ ಇಷ್ಟು ಹಾಕತಾರೇನು? ನಾಲ್ಕು ನಾಲ್ಕು ಹರಳು ಹಾಕು. ಅದು ತಾನs ಅರಳಬೇಕು, ಅವಸರ ಮಾಡಬಾರದು." ಆಮೇಲೆ ಎರಡು ತಾಸು ಆ ಮನೆಯಲ್ಲಿ ಅವರೊಬ್ಬರದೇ ಧ್ವನಿ. ಕೊಬ್ಬರಿ ಹೆಚ್ಚು ಹುರಿದದ್ದಕ್ಕೆ ಸೊಸೆಗೆ ಮಾತು, ಉತ್ತತ್ತಿಯ ಬೀಜ ತೆಗೆಯುವಾಗ ಬಾಯಿಗೆ ಹಾಕಿಕೊಂಡದ್ದಕ್ಕೆ ನನಗೆ ಮಾತು. ಗೆಳೆಯರು ಬಾಗಿಲಲ್ಲಿ ನಿಂತು ಕಣ್ಣೊರಸಿಕೊಂಡರು. ಕೇಳಿದರೆ ಹೊಗೆ ಎಂದರು. ಗ್ಯಾಸಿನ ಒಲೆಯಲ್ಲಿ ಎಲ್ಲಿಯ ಹೊಗೆ! ನನ್ನ ಹೆಂಡತಿ ಬೇಕೆಂದೇ ಉರಿ ಹೆಚ್ಚಿಟ್ಟಳೋ, ನಿಜವಾಗಿ ಮರೆತಳೋ, ನಾನು ಇಂದಿಗೂ ಕೇಳಿಲ್ಲ.

ಅಂದು ರಾತ್ರಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಬಿಸಿ ಅನ್ನ. ಮರುದಿನ ಬೆಳಿಗ್ಗೆ ಅವರೆಲ್ಲ ಛಾವಣಿಯ ಕಡೆಯ ದೇವಾಲಯಕ್ಕೆ ಹೋಗಿಬಂದರು. ಅಲ್ಲಿ ಆರಾಧನೆ ಮರಾಠಿಯಲ್ಲಿ. ಮರಾಠಿಯ ಕ್ರೈಸ್ತ ಕವಿ ನಾರಾಯಣ ವಾಮನ ಟಿಳಕರ ಹಾಡುಗಳು ಈ ನಾಡಿನ ಸಭೆಗಳಲ್ಲೆಲ್ಲ ಪ್ರಸಿದ್ಧ. ಅವರ ಪತ್ನಿ ಲಕ್ಷ್ಮೀಬಾಯಿ ನಮ್ಮ ನಾಸಿಕದ ಹತ್ತಿರದ ಜಲಾಲಪುರದವರು. ಅವರ ಆತ್ಮಕಥೆ 'ಸ್ಮೃತಿಚಿತ್ರೆ' ಮರಾಠಿಯ ಮನೆಮನೆಯ ಪುಸ್ತಕ. ಕನ್ನಡಕ್ಕೂ ಅಂಥ ಭಾಗ್ಯವುಂಟು: ನಿಘಂಟಿನ ಕಿಟೆಲ್ಲರು 1862ರಲ್ಲಿಯೇ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕತೆಯನ್ನು ಕನ್ನಡ ಪದ್ಯದಲ್ಲಿ ಹೇಳಿದ್ದರು. ಮನೆಗೆ ಬಂದ ಮೇಲೆ ತಾಯಿಯವರು ತಮ್ಮ ಹಳೆಯ ಕನ್ನಡ ಬೈಬಲ್ಲು ತೆಗೆದು, ಕಣ್ಣು ಮಂಜೆಂದು ನನ್ನ ಮಗಳ ಕೈಗೆ ಕೊಟ್ಟರು. ಲೂಕನು ಬರೆದ ಜನನದ ಭಾಗ. ಹುಡುಗಿ ಒತ್ತಕ್ಷರಕ್ಕೆಲ್ಲ ಎಡವಿದಳು, ಅಜ್ಜಿ ಪ್ರತಿ ಸಲ ಎತ್ತಿ ನಿಲ್ಲಿಸಿದರು. ಹತ್ತು ವರ್ಷದ ಮೊಮ್ಮಗ ಇದನ್ನೆಲ್ಲ ಮೂಲೆಯಿಂದ ನೋಡಿ, ಕೊನೆಗೆ ಹತ್ತಿರ ಬಂದು, "ಇದು ಯಾವ ಅಕ್ಷರ?" ಎಂದು ಬೆರಳಿಟ್ಟ.

26ರಂದು ಎಲ್ಲರೂ ಎಲ್ಲೋರಕ್ಕೆ ಹೋದೆವು. ದಾರಿಯಲ್ಲಿ ನಾನು ಯಥಾಪ್ರಕಾರ ಇತಿಹಾಸ ಬಿಚ್ಚಿದೆ. ಈ ಪಟ್ಟಣಕ್ಕೆ 1610ರಲ್ಲಿ ಖಡಕಿ ಎಂಬ ಹೆಸರಿನಿಂದ ಅಡಿಗಲ್ಲು ಹಾಕಿದ ಮಲಿಕ್ ಅಂಬರನೂ ಆಫ್ರಿಕದವನೇ. ಬಾಲ್ಯದಲ್ಲಿ ಗುಲಾಮನಾಗಿ ಮಾರಾಟವಾಗಿ ಬಂದವನು, ಅಹಮದನಗರದ ನಿಜಾಮಶಾಹಿಯ ಆಡಳಿತಗಾರನಾಗಿ ಬೆಳೆದು ಊರಿಗೆ ನೆಲದಡಿಯ ಕಾಲುವೆಗಳಿಂದ ನೀರು ತಂದ. ಕೈಲಾಸ ದೇವಾಲಯದ ಮುಂದೆ ನಿಂತಾಗ, ಇದನ್ನು ಎಂಟನೆಯ ಶತಮಾನದಲ್ಲಿ ಬಂಡೆಯನ್ನು ಮೇಲಿನಿಂದ ಕೆಳಗೆ ಕಡಿದು ಮಾಡಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ, ಆ ಮನೆತನದ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯ ತನಕ ಎಣಿಸಿದೆ ಎಂದೆ. ತಾಯಿಯವರು ಬಿಸಿಲಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. "ಹಂಗಾದ್ರ ನಾವು ಬಂದದ್ದು ಭಾಳ ದೂರ ಏನಲ್ಲ ಬಿಡು" ಎಂದರು.

ಮರಳುವಾಗ ಒಂದು ಡಬ್ಬಿಯ ತುಂಬ ಉಂಡಿ ಕಟ್ಟಿಕೊಟ್ಟರು. ಜನವರಿ ಮೊದಲಿಗೆ ಗೆಳೆಯರ ಫೋನು ಬಂತು. ತಾಯಿ ಉಳಿದ ಉಂಡಿಗಳನ್ನು ಓಣಿಯ ಮನೆಗಳಿಗೆ ಮೊಮ್ಮಗನ ಕೈಯಲ್ಲಿ ಕಳಿಸಿದ್ದರಂತೆ. ಎದುರು ಮನೆಯ ಮರಾಠಿ ಅಜ್ಜಿಯೊಬ್ಬರು ಖಾಲಿ ತಟ್ಟೆ ಕೊಡಬಾರದೆಂದು ಎಳ್ಳುಂಡೆ ತುಂಬಿಕೊಂಡು ತಾವೇ ಬಂದರಂತೆ. ಒಬ್ಬರು ಡಿಂಕ ಎನ್ನುತ್ತಾರೆ, ಇನ್ನೊಬ್ಬರು ಅಂಟು ಎನ್ನುತ್ತಾರೆ; ದಿನಾ ಮಧ್ಯಾಹ್ನ ಬಿಸಿಲಿಗೆ ಕೂತು ಇಬ್ಬರೂ ಅರ್ಧ ಕೈಯಿಂದ, ಅರ್ಧ ಬಾಯಿಂದ ಮಾತಾಡುತ್ತಾರಂತೆ.

ನಮ್ಮ ಸಂಘದ ಮನೆಗಳಲ್ಲಿಯೂ ಹೀಗೆ ಕಿಟಕಿಯ ಬಳಿ ಕೂತ ಹಿರಿಯರು ಇದ್ದೇ ಇರುತ್ತಾರೆ. ವಾಚಕರು ಒಂದು ರವಿವಾರ ಹೋಗಿ ಅವರ ಕೈಯಿಂದ ಬೈಸಿಕೊಂಡು ಬಂದರೆ ಒಳ್ಳೆಯದು. ನಮ್ಮ ಮನೆಯಲ್ಲಿ ಆ ಡಬ್ಬಿ ಈಗ ಖಾಲಿಯಾಗಿದೆ. ಸಂಕ್ರಾಂತಿಗೆ ಅದರಲ್ಲಿ ಶೇಂಗಾ ಹೋಳಿಗೆ ತುಂಬಿ ಕಳಿಸಬೇಕೆಂದು ಹೆಂಡತಿಯ ಆಜ್ಞೆಯಾಗಿದೆ.