ಒಡಲಲ್ಲಿ ಬೆಸೆದದ್ದು, ಬೇಕಾದಾಗ ಕೂಡಿಸಿದ್ದು

ಸಾಂಗ್ಲಿಯ ಸಮೀಪದ ಕವಲಾಪುರದ ದ್ರಾಕ್ಷಿತೋಟಗಳಿಗಾಗಿ ಎಲೆಯ ತೇವವನ್ನು ಅಳೆಯುವ ಪುಟ್ಟ ಉಪಕರಣಗಳಿಗೆ ಲಿನಕ್ಸ್ ಅಳವಡಿಸುವುದು ನನ್ನ ವೃತ್ತಿ. ಎಲೆ ಬಹುಕಾಲ ಒದ್ದೆಯಾಗಿದ್ದರೆ ಬೂಜು ತುಪ್ಪಟ ರೋಗ ಹರಡುತ್ತದೆ. ಉಪಕರಣ ಮೂಕವಾದರೆ ರೈತನಿಗೆ ಮುನ್ನೆಚ್ಚರಿಕೆ ತಪ್ಪುತ್ತದೆ.

1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಕರ್ನೆಲ್ಲೇ ಈ ವ್ಯವಸ್ಥೆಯ ತಿರುಳು. ಯಂತ್ರಭಾಗಗಳ ಚಾಲಕಗಳನ್ನು ಅದರ ಒಡಲಲ್ಲೇ ಬೆಸೆಯಬಹುದು. ಇಲ್ಲವೆ ಮಾಡ್ಯೂಲ್‌ಗಳಾಗಿ ಬೇರೆಯಿಟ್ಟು, ಬೇಕಾದಾಗ ಕೂಡಿಸಿ, ಬೇಡವಾದಾಗ ಬಿಡಿಸಬಹುದು. ಯಾಕ್ಟೊ ಅಥವಾ ಬಿಲ್ಡ್‌ರೂಟ್‌ನಿಂದ ಇಮೇಜ್ ಕಟ್ಟುವವನಿಗೆ ಈ ವಿವೇಚನೆ ಮುಖ್ಯ. ಮೆಮೊರಿ ಕಾರ್ಡನ್ನು ಓದಬೇಕಾದ ಚಾಲಕವನ್ನು ಅದೇ ಕಾರ್ಡಿನ ಕಡತಗಳ ನಡುವೆ ಮಾತ್ರ ಇಟ್ಟರೆ, ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲು ಹಾಕಿದಂತೆ. ಅದನ್ನು ಕರ್ನೆಲ್‌ನಲ್ಲಿ ಬೆಸೆಯಬೇಕು, ಇಲ್ಲವೆ ಮೊದಲಿಗೇ ಸ್ಮೃತಿಗೆ ಏರುವ ಪುಟ್ಟ ಕಡತವ್ಯವಸ್ಥೆಯಲ್ಲಿ ಒಯ್ಯಬೇಕು. ತೇವದ ಸಂವೇದಕದ ಚಾಲಕ ಮಾಡ್ಯೂಲ್ ಆಗಿರಬಹುದು. ಆದರೆ ಕರ್ನೆಲ್ ಹೊಸದಾದಾಗ ಅದನ್ನೂ ಹೊಸದಾಗಿ ಕಟ್ಟಬೇಕು. ಆವೃತ್ತಿ ಹೊಂದದ ಮಾಡ್ಯೂಲನ್ನು ಕರ್ನೆಲ್ ಸಾಮಾನ್ಯವಾಗಿ ಒಪ್ಪದು.

ಮಿರಜಿನ ಸಿತಾರ್ ಕುಶಲಿಗಳು ಸೋರೆಯ ಒಡಲಿಗೆ ಕೊರಳನ್ನು ಭದ್ರವಾಗಿ ಬೆಸೆಯುತ್ತಾರೆ. ಸವೆಯುವ ತಂತಿಯನ್ನು ಕಳಚುವಂತೆ ಬಿಡುತ್ತಾರೆ. ವಿವೇಕ ಒಂದೇ.

ಗಡಿನಾಡಿನ ನಮ್ಮ ಮಕ್ಕಳು ಮರಾಠಿ, ಹಿಂದಿ, ಇಂಗ್ಲಿಷುಗಳನ್ನು ಬೇಕಾದಂತೆ ಕೂಡಿಸಿಕೊಳ್ಳಲಿ. ಮನೆಯ ಕನ್ನಡವನ್ನು ಮಾತ್ರ ನಾವು ಮೊದಲೇ ಬೆಸೆದು ಕಳುಹಿಸೋಣ.